ಆರೋಗ್ಯದ ಖಾತೆಯೂ ನನ್ನ ಹೆಂಡತಿಯ ದವಡೆ ಹಲ್ಲೂ

ಅದು ಡಾಟ್‌ಕಾಮ್ ಕಂಪನಿಗಳು ಅಣಬೆಗಳ ಹಾಗೆ ಏಳುತ್ತಿದ್ದ ಕಾಲ. ಸ್ಯಾನ್ ಹೊಸೆಯಲ್ಲಿ ಇಬ್ಬರು ಕನ್ನಡಿಗರು ಸೇರಿದರೆ ಮೊದಲು ಸ್ಟಾಕ್ ಆಪ್ಷನ್ನಿನ ಮಾತು, ಆಮೇಲೆ ಊಟ. ನಾನು ಮಾತ್ರ ಹಳೇ ಕಾಲದ ಮನುಷ್ಯ. ನಮ್ಮ ತಂದೆ ಮೈಸೂರಿನಲ್ಲಿ ಸರ್ಕಾರಿ ಗುಮಾಸ್ತರು. ಅವರಿಂದ ನನಗೆ ಬಂದ ಪಿತ್ರಾರ್ಜಿತ ಆಸ್ತಿ ಒಂದೇ: ಪ್ರಾವಿಡೆಂಟ್ ಫಂಡಿನಲ್ಲಿ ಅಚಲವಾದ ಭಕ್ತಿ.

ಒಂದು ನವೆಂಬರಿನಲ್ಲಿ ನಮ್ಮ ಆಫೀಸಿನ ಎಚ್.ಆರ್. ಲಿಂಡಾ ಎಲ್ಲರನ್ನೂ ಕರೆದು, ಪಿಜ್ಜಾ ಕೊಟ್ಟು, ಮುಂದಿನ ವರ್ಷದ ಸೌಲಭ್ಯಗಳನ್ನು ವಿವರಿಸಿದಳು. ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟು ಎಂಬ ಒಂದು ಖಾತೆ. ತೆರಿಗೆ ಹಿಡಿಯುವ ಮುಂಚೆಯೇ ಸಂಬಳದಿಂದ ಸ್ವಲ್ಪ ಅದಕ್ಕೆ ಹೋಗುತ್ತದೆ. ಡಾಕ್ಟರು, ಹಲ್ಲು, ಕನ್ನಡಕ ಅಂತ ಖರ್ಚು ಬಂದಾಗ ಅದರಿಂದ ಪಡೆಯಬಹುದು. ಇಷ್ಟು ಕೇಳಿದ್ದೇ ತಡ, ನನಗೆ ಎಲ್ಲವೂ ಅರ್ಥವಾಗಿಹೋಯಿತು. ಇದು ದೇಹದ ಪಿ.ಎಫ್.! ಲಿಂಡಾ ಮುಂದೆಯೂ ಏನೋ ಹೇಳುತ್ತಿದ್ದಳು. ನಾನು ಇನ್ನೊಂದು ತುಂಡು ಪಿಜ್ಜಾ ತರಲು ಎದ್ದೆ.

ಸಾಮ್ರಾಜ್ಯಗಳು ಉರುಳುವುದು ಇಂಥ ಗಳಿಗೆಯಲ್ಲೇ.

ಮನೆಗೆ ಬಂದು ಹೆಂಡತಿ ಶಾರದೆಗೆ ವರದಿ ಒಪ್ಪಿಸಿದೆ.

"ಎಷ್ಟು ಹಾಕ್ತೀರಿ?"

"ಎಷ್ಟು ಬಿಡ್ತಾರೋ ಅಷ್ಟೂ!"

"ನಮಗೆ ಕಾಯಿಲೇನೇ ಬರ್ಲಿಲ್ಲ ಅಂದ್ರೆ?"

"ಇನ್ನೂ ಒಳ್ಳೇದಾಯ್ತಲ್ಲೇ! ಹಾಗೇ ಬೆಳೀತಾ ಇರತ್ತೆ. ಒಂದು ವರ್ಷ ಬಿಟ್ಟು ಮುರಿದರೆ ನಾವು ಊರಿಗೆ ಹೋಗೋ ಟಿಕೆಟ್ಟು!"

ಊರು ಬಿಟ್ಟು ಬಂದ ಮೇಲೆ ಅವಳು ತಿರುಗಿ ಹೋಗಿರಲೇ ಇಲ್ಲ. ಮುಖ ಅರಳಿತು. ಆ ವರ್ಷವಿಡೀ ಸಿಕ್ಕ ಸಿಕ್ಕ ಪಾಟ್‌ಲಕ್ ಊಟಗಳಲ್ಲೆಲ್ಲ ನಾನು ಈ ಖಾತೆಯ ಮೇಲೆ ಪ್ರವಚನ ಮಾಡಿದೆ. ಹಾಸನದ ಮಂಜುನಾಥ, "ಅಲ್ಲಾ ಕಣಯ್ಯ, ಎಲ್ಲಾರೂ ಸ್ಟಾಕ್ ಆಪ್ಷನ್ನು ಅಂದ್ರೆ ನೀನೊಬ್ಬ ಕಾಯಿಲೆ ದುಡ್ಡು ಅಂತೀಯಲ್ಲ!" ಎಂದ. ನಾನು ಅವನ ಕಡೆ ಕರುಣೆಯಿಂದ ನೋಡಿದೆ.

ಮುಂದಿನ ಡಿಸೆಂಬರು ಬಂತು. ಊರಿಗೆ ಟಿಕೆಟ್ಟು ಕೊಳ್ಳಬೇಕು, ಖಾತೆ ಮುರಿಸಿಕೊಡಿ ಎಂದು ಲಿಂಡಾಳ ಬಳಿ ಹೋದೆ.

"ವಿಮಾನದ ಟಿಕೆಟ್ಟಿಗೆ? ನಿಮಗೆ ಏನು ಕಾಯಿಲೆ?"

"ಏನೂ ಇಲ್ಲ, ದೇವರ ದಯೆ."

ಲಿಂಡಾ ನನ್ನನ್ನು ರೋಗಿಯಂತೆಯೇ ನೋಡಿದಳು. "ವರ್ಷ ಮುಗಿಯೋದರೊಳಗೆ ಚಿಕಿತ್ಸೆಗೆ ಖರ್ಚಾಗದೆ ಉಳಿದದ್ದು ಹೋದ ಹಾಗೇ. ಅವತ್ತು ಮೀಟಿಂಗಲ್ಲೇ ಹೇಳಿದ್ದೆನಲ್ಲ!"

ಯಾವಾಗ ಹೇಳಿದ್ದಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪಿಜ್ಜಾ ತರಲು ಹೋಗಿದ್ದಾಗ!

ಅಂದಿನಿಂದ ನಾನು ಕಾಯಿಲೆ ಹುಡುಕಿಕೊಂಡು ಹೊರಟೆ. ಹತ್ತಿರದ ಕಣ್ಣಿನ ಡಾಕ್ಟರುಗಳಲ್ಲಿ ಯಾರ ಬಳಿಯೂ ಅಪಾಯಿಂಟ್‌ಮೆಂಟು ಖಾಲಿ ಇಲ್ಲ. ಕೊನೆಗೆ ಬೆಳ್ಳುಳ್ಳಿ ಬೆಳೆಗೆ ಹೆಸರಾದ ಗಿಲ್‌ರಾಯ್ ಊರಿನವರೆಗೆ ಹೋದೆ. ಅಲ್ಲಿನ ಘಾಟಿನಲ್ಲಿ ಕಣ್ಣು ಕೆಂಪಾಗಿ ಏನಾದರೂ ಸಿಕ್ಕೀತೆಂಬ ಆಸೆ. ಡಾಕ್ಟರು ಪರೀಕ್ಷಿಸಿ, "ಅದ್ಭುತವಾದ ದೃಷ್ಟಿ!" ಎಂದು ಕೈ ಕುಲುಕಿದರು. ಜೋಲುಮುಖ ಹಾಕಿಕೊಂಡು ಬಂದೆ. ಮಗಳನ್ನು ವಿಚಾರಿಸಿದೆ.

"ಐ ಆಮ್ ಫೈನ್, ಅಪ್ಪಾ!"

"ಹಾಗನ್ನಬೇಡಮ್ಮ. ಸ್ವಲ್ಪ ಯೋಚನೆ ಮಾಡಿ ಹೇಳು."

ಬೇರೆ ದಾರಿಯಿಲ್ಲದೆ ಶಾರದೆಗೆ ನಿಜ ಹೇಳಿದೆ. ಖಾತೆಯೂ ಹೋಗುತ್ತದೆ, ಟಿಕೆಟ್ಟೂ ಹೋಗುತ್ತದೆ. ಕೂಗಾಡುತ್ತಾಳೆಂದು ಕಾದೆ. ಅವಳು ಕೂಗಾಡಲಿಲ್ಲ.

"ಹಾಗಾದ್ರೆ ನನ್ನ ಹಲ್ಲು?" ಎಂದಳು.

"ಯಾವ ಹಲ್ಲು?"

"ಬಲಗಡೆ ದವಡೆದು. ಯುಗಾದಿಯಿಂದ ನೋಯ್ತಾ ಇದೆ. ಊರಿಗೆ ಹೋದಾಗ ತೋರಿಸೋಣ ಅಂತಿದ್ದೆ. ಎಲ್ಲಾರೂ ಮಾಡೋದು ಹಾಗೇ ತಾನೆ? ಅಲ್ಲೀವರೆಗೆ ಲವಂಗ ಇಟ್ಕೊಂಡು ತಳ್ಳಿದೆ."

ಅದೂ ನಿಜವೇ. ಹಲ್ಲು, ಕನ್ನಡಕ, ರವಿಕೆ ಹೊಲಿಗೆ, ಈ ಮೂರನ್ನೂ ಊರಿನಲ್ಲೇ ಮಾಡಿಸತಕ್ಕದ್ದು ಎಂಬುದು ನಮ್ಮ ಜನರ ಅಲಿಖಿತ ಸಂವಿಧಾನ. ಆದರೆ ಆ ಕ್ಷಣದಲ್ಲಿ ನನ್ನ ಬಾಯಿಂದ ಹೊರಟ ಮಾತು ಬೇರೆ.

"ಭಲೇ!"

"ರೀ! ಹೆಂಡತಿಗೆ ಹಲ್ಲುನೋವು ಅಂದ್ರೆ ಭಲೇ ಅಂತೀರಲ್ಲ, ಮನುಷ್ಯರೇನ್ರೀ ನೀವು?"

ಪಾಲೋ ಆಲ್ಟೋದ ಹಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿದವರೇ ಗಂಭೀರರಾದರು. ಕೀವು ದವಡೆಯ ಮೂಳೆಗೆ ಇಳಿಯುತ್ತಿದೆ. ಇನ್ನೂ ಕೆಲವು ವಾರ ತಳ್ಳಿದ್ದರೆ, ಎಂದವರು ಮಾತು ಮುಗಿಸಲಿಲ್ಲ. ಹೊರಗಿನ ಕುರ್ಚಿಯಲ್ಲಿ ಕೂತ ನನಗೆ ಖಾತೆಯ ನೆನಪೇ ಬರಲಿಲ್ಲ. ಇಷ್ಟು ದಿನ ಎದುರಿಗೇ ಕೂತು ಊಟ ಮಾಡಿದ್ದೇನೆ. ಅವಳು ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದದ್ದು ಈ ಅದ್ಭುತವಾದ ದೃಷ್ಟಿಗೆ ಕಂಡಿರಲಿಲ್ಲ.

ಹಲ್ಲಿನ ಬೇರಿಗೆ ಚಿಕಿತ್ಸೆಯಾಯಿತು. ಮೇಲೆ ಚಿನ್ನದ ಕವಚವೂ ಕೂತಿತು. ವರ್ಷ ಮುಗಿಯುವ ಮುಂಚೆ ಖಾತೆ ಪೂರ್ತಿ ಬರಿದು! ಅದು ನಾನು ತಿಳಿದ ಹಾಗೆ ನಿಜಕ್ಕೂ ಪಿ.ಎಫ್. ಆಗಿದ್ದಿದ್ದರೆ, ನಾನು ಕೂಡಿಡುತ್ತಲೇ ಇರುತ್ತಿದ್ದೆ, ಅವಳು ಲವಂಗ ಕಚ್ಚುತ್ತಲೇ ಇರುತ್ತಿದ್ದಳು. ಹೆದರಿಸಿಯಾದರೂ ನಮ್ಮನ್ನು ಡಾಕ್ಟರ ಬಾಗಿಲಿಗೆ ಅಟ್ಟಿದ ಆ ತೆರಿಗೆ ಕಾನೂನನ್ನು ಬರೆದ ಪುಣ್ಯಾತ್ಮ ಎಲ್ಲಿದ್ದರೂ ತಣ್ಣಗಿರಲಿ. ಊರಿಗೆ ಹೋಗುವುದು ಮತ್ತೊಂದು ವರ್ಷ ಮುಂದಕ್ಕೆ ಹೋಯಿತು. ಅದಕ್ಕೂ ಅವಳು ನನ್ನನ್ನು ಬಯ್ಯಲಿಲ್ಲ. ಆ ಋಣ ಯಾವ ಖಾತೆಯಿಂದಲೂ ತೀರುವಂಥದ್ದಲ್ಲ.

ಕನ್ನಡಿಯಲ್ಲಿ ಬಾಯಿ ತೆರೆದು ನೋಡಿಕೊಂಡು ಅವಳು ಹೇಳಿದ್ದು ಇಷ್ಟೇ: "ಮದುವೆಯಾದ ಮೇಲೆ ನೀವು ಕೊಡಿಸಿದ ಮೊದಲನೇ ಚಿನ್ನ. ಅದನ್ನೂ ನಾಲ್ಕು ಜನಕ್ಕೆ ತೋರಿಸೋ ಹಾಗಿಲ್ಲ!"

ಆ ಕೊರತೆಯೂ ಈಗ ನೀಗಿದೆ. ನನ್ನ ಈ ಕಥೆಯನ್ನು ನಾಲ್ಕು ಜನರ ಮುಂದೆ ಅವಳೇ ಹೇಳುತ್ತಾಳೆ, ದವಡೆ ಕಾಣುವ ಹಾಗೆ ನಗುತ್ತಾಳೆ. ಚಿನ್ನ ಫಳಫಳ ಹೊಳೆಯುತ್ತದೆ!