ಕರ್ತವ್ಯದ ವೇಳೆ ಗೈರುಹಾಜರಾದ ಪೈಪಿನ ತೂತಿಗೆ

ಗೆ,
ಶ್ರೀ ತೂತಿನವರು,
ವಾಪಸು ಪೈಪಿನ ಮೇಲ್ತುದಿ, ಉಪ್ಪುನೀರಿನ ಮೀನುತೊಟ್ಟಿ,
ಮಹಡಿ ಮನೆ, ಚನ್ನಪಟ್ಟಣ.

ವಿಷಯ: ಕರೆಂಟು ಹೋದಾಗ ತಾವು ಕೆಲಸಕ್ಕೆ ಒದಗದೆ, ಸಮುದ್ರವನ್ನು ಕೆಳಮನೆಗೆ ಇಳಿಯಬಿಟ್ಟ ಬಗ್ಗೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ಎಂದರೆ ಖಾಲಿಯಾಗಿದ್ದೀರಿ ಎಂದು ನಂಬಿ, ಕೈಮುಗಿದು ಈ ಪತ್ರವನ್ನು ಆರಂಭಿಸುತ್ತೇನೆ. ನಾನು ಓದಿದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಪ್ರಾಂಶುಪಾಲರಿಗೆ, ಪೋಸ್ಟ್‌ಮಾಸ್ಟರರಿಗೆ, ಪುರಸಭೆಯ ಅಧ್ಯಕ್ಷರಿಗೆ ಪತ್ರ ಬರೆಯುವುದನ್ನು ಕಲಿಸಿದ್ದರೇ ಹೊರತು, ಪ್ಲಾಸ್ಟಿಕ್ ಪೈಪಿನಲ್ಲಿ ಕೊರೆದ, ಪೆನ್ಸಿಲ್ ತೂರುವಷ್ಟು ಅಗಲದ ಒಂದು ತೂತಿಗೆ ಬರೆಯುವುದನ್ನು ಕಲಿಸಿರಲಿಲ್ಲವಾದ್ದರಿಂದ, ಸಂಬೋಧನೆಯಲ್ಲಿ ಕುಂದೇನಾದರೂ ಕಂಡರೆ ಮನ್ನಿಸಬೇಕು. ತಾವಿದ್ದೀರಿ ಎಂದರೆ ಅಲ್ಲಿ ಏನೂ ಇಲ್ಲ ಎಂದರ್ಥ. ಅಲ್ಲಿ ಏನಾದರೂ ಇದೆ ಎಂದರೆ ತಾವಿಲ್ಲ ಎಂದರ್ಥ. ಇಷ್ಟು ಸ್ಪಷ್ಟವಾದ ಹಾಜರಿ ಪದ್ಧತಿ ನಾನು ಬಲ್ಲ ಯಾವ ಕಚೇರಿಯಲ್ಲೂ ಇಲ್ಲ.

ತೊಟ್ಟಿಯ ಪೂರ್ವಾಪರ ತಮಗೆ ಗೊತ್ತಿರಲಾರದು, ತಾವು ಆಮೇಲೆ ಹುಟ್ಟಿದವರು. ಬಿಡದಿಯ ಅಪಾರ್ಟ್‌ಮೆಂಟೊಂದನ್ನು ಖಾಲಿ ಮಾಡುತ್ತಿದ್ದ ಕುಟುಂಬವೊಂದು ತಾನು ಬಳಸಿದ ಗಾಜಿನ ತೊಟ್ಟಿಯನ್ನೂ, ಅದರ ಕೆಳಗಿನ ಬೀರುವನ್ನೂ, ಪಂಪನ್ನೂ, ಕಿತ್ತಳೆ ಮೈಮೇಲೆ ಬಿಳಿ ಪಟ್ಟೆಯ ಎರಡು ಮೀನುಗಳನ್ನೂ ಚೆನ್ನಾಗಿ ನೋಡಿಕೊಳ್ಳುವವರಿಗೆ ಕೊಡುವುದಾಗಿ ಹೇಳಿತು. ನಲವತ್ತು ದಾಟಿದ ಮೇಲೆ ಕೆಲವರಿಗೆ ಯೋಗ ಬೇಕೆನಿಸುತ್ತದೆ, ಕೆಲವರಿಗೆ ಸೈಟು ಬೇಕೆನಿಸುತ್ತದೆ, ನನಗೆ ಸಮುದ್ರ ಬೇಕೆನಿಸಿತು. ಗೂಡ್ಸ್ ಆಟೋದ ಮುಂದೆ ನಾನು ಮೀನಿನ ಬಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯ ಒಂದೊಂದು ಉಬ್ಬಿಗೂ ಮೀನುಗಳ ಕ್ಷಮೆ ಕೇಳುತ್ತ, ಹಿಂದೆ ನನ್ನ ಪತಿ ಅನಂತರಾಜು ಅವರು ಖಾಲಿ ತೊಟ್ಟಿಯನ್ನು ಮದುವೆಯ ದಿನ ನನ್ನನ್ನೂ ಹಿಡಿಯದಷ್ಟು ಭದ್ರವಾಗಿ ಹಿಡಿದುಕೊಂಡು ಮನೆ ಸೇರಿದೆವು. ನಮ್ಮ ಅತ್ತೆ ಅಂಬುಜಮ್ಮನವರು ಬಕೆಟ್ಟಿನೊಳಗೆ ಬಗ್ಗಿ ನೋಡಿ, "ಇಷ್ಟು ದೂರದಿಂದ ಹೊತ್ಕೊಂಡು ಬಂದವ್ಳೆ, ಒಂದೊತ್ತಿನ ಸಾರಿಗೂ ಆಗಕ್ಕಿಲ್ಲ" ಎಂದು ಒಳಗೆ ಹೋದರು.

ಕೆಳಮನೆ ನಮ್ಮ ಮಾಲೀಕರಾದ ಕರೀಮುನ್ನೀಸಾ ಆಪಾ ಅವರದು. ಅಲ್ಲಿ ಅವರೂ ಅವರ ತಮ್ಮ ಹಬೀಬರೂ ಲೇತ್ ಮೆಷಿನ್ನಿನಲ್ಲಿ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಗೊಂಬೆ ಮಾಡುತ್ತಾರೆ. ತೊಟ್ಟಿ ಮೆಟ್ಟಿಲು ಹತ್ತುವುದನ್ನು ಅವರು ಬಾಗಿಲಲ್ಲಿ ನಿಂತು ಕಡೆಯವರೆಗೂ ನೋಡಿದರು. ಉಪ್ಪು ನೀರು ಎಂದು ತಿಳಿದ ಮೇಲೆ ಅವರ ಮುಖ ಸಣ್ಣದಾಯಿತು, ಏಕೆಂದರೆ ಕಬ್ಬಿಣಕ್ಕೂ ಉಪ್ಪಿಗೂ ಇರುವ ವೈರ ಅವರಿಗೆ ಗೊತ್ತು. "ನೋಡು ಲತಾ, ನಿನ್ನ ಸಮುದ್ರ ಮ್ಯಾಲೇ ಇರ್ಲಿ, ನಂಗೇನಿಲ್ಲ. ಒಂದು ತೊಟ್ಟು ನನ್ನ ಲೇತ್ ಮ್ಯಾಲೆ ಬಿತ್ತು ಅಂದ್ರೆ ಸಮುದ್ರ ಮನೆಯಿಂದ ಆಚೆ, ನೀನು ಮಾತ್ರ ಒಳಗೆ" ಎಂದರು. ನಾನು ಒಪ್ಪಿದೆ. ಇದಕ್ಕಿಂತ ನ್ಯಾಯವಾದ ಬಾಡಿಗೆ ಕರಾರು ಇರಲಾರದು ಎಂದು ಇಂದಿಗೂ ನನ್ನ ಅಭಿಪ್ರಾಯ.

ಮಾನ್ಯರೇ, ರಾಮನಗರದ ಒಂದು ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ಓದುವುದು ನನ್ನ ಕೆಲಸ. ಎಂದೂ ಆಗಲಾರದ್ದು ಯಾರ ತಪ್ಪೂ ಇಲ್ಲದೆ ಆಗಿಹೋದ ಕಥೆಗಳನ್ನು ದಿನವೂ ಓದಿ ಓದಿ, ನನಗೆ ಲೋಟದಲ್ಲಿರುವ ನೀರಿನ ಮೇಲೂ ಅನುಮಾನ. ಹಾಗಾಗಿ ಈ ತೊಟ್ಟಿಯ ಪೈಪುಗಳನ್ನು ಜೋಡಿಸುವಾಗ ನನ್ನ ಭಯಗಳಿಗೆಲ್ಲ ಒಂದೊಂದು ಪೈಪು ಹಾಕಿಸಿದೆ. ಮೇಲಿನ ತೊಟ್ಟಿಯಲ್ಲಿ ಹೆಚ್ಚಾದ ನೀರು ಒಂದು ಪೈಪಿನಲ್ಲಿ ಬೀರುವಿನೊಳಗಿನ ಸಣ್ಣ ತೊಟ್ಟಿಗೆ ಇಳಿಯುತ್ತದೆ. ಅದನ್ನು ನಾವು ಸಂಪು ಎನ್ನುತ್ತೇವೆ. ಆ ಪೈಪಿಗೆ ಏನಾದರೂ ಸಿಕ್ಕಿಕೊಂಡರೆ ಇರಲಿ ಎಂದು ಪಕ್ಕದಲ್ಲಿ ಇನ್ನೊಂದು ತುರ್ತು ಪೈಪು. ಸಂಪಿನಿಂದ ಪಂಪು ನೀರನ್ನು ಮತ್ತೆ ಮೇಲಕ್ಕೆ ಕಳಿಸುವುದು ಮೂರನೆಯ, ವಾಪಸು ಪೈಪು. ಇದರ ಬಾಯಿ ನೀರಿನೊಳಗೆ ಆಳದಲ್ಲಿದೆ. ಅಪಾಯವೂ ಅಲ್ಲೇ. ಕರೆಂಟು ಹೋಗಿ ಪಂಪು ನಿಂತಿತೆಂದರೆ, ಮೇಲೇರಿದ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಎಳೆದುಕೊಂಡು ಇಳಿಯತೊಡಗುತ್ತದೆ, ಸಂಪು ತುಂಬಿದರೂ ಬಿಡುವುದಿಲ್ಲ. ಅದನ್ನು ತಡೆಯಲೆಂದೇ ನೀರಿನ ಮಟ್ಟಕ್ಕಿಂತ ಚೂರು ಮೇಲೆ ತಮ್ಮನ್ನು ಕೊರೆಸಿದ್ದು. ಪಂಪು ನಿಂತ ಕ್ಷಣ ತಾವು ಒಂದು ಗುಟುಕು ಗಾಳಿ ಎಳೆದುಕೊಳ್ಳಬೇಕು, ಗಾಳಿ ಹೊಕ್ಕೊಡನೆ ನೀರಿನ ಎಳೆತ ಕಡಿದುಹೋಗಬೇಕು. ಅಷ್ಟೇ ತಮ್ಮ ಕೆಲಸ. ಪಂಪು ಓಡುವಾಗ ತಮ್ಮಿಂದ ಸಣ್ಣ ಎಳೆಯಾಗಿ ನೀರು ಚಿಮ್ಮಿ ತೊಟ್ಟಿಗೇ ಬೀಳುತ್ತಿತ್ತು. ಅದನ್ನು ನಾನು ತಮ್ಮ ಹವ್ಯಾಸವೆಂದು ಭಾವಿಸಿದ್ದೆ.

ಕರೆಂಟು ಹೋಗುತ್ತದೆ ಎಂಬ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಇಡೀ ವ್ಯವಸ್ಥೆಯಲ್ಲಿ ನಾನು ಕಣ್ಣುಮುಚ್ಚಿ ನಂಬಬಹುದಾಗಿದ್ದದ್ದು ಅದೊಂದನ್ನೇ. ಎಂದಿಲ್ಲದೆ ಒಂದು ವಾರ ತಡಮಾಡಿದರೂ, ಕಳೆದ ಭಾನುವಾರ ಹಗಲಿನಲ್ಲಿ ಅದು ತನ್ನ ಮಾತು ಉಳಿಸಿಕೊಂಡಿತು. ನಾನು ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತ, ಈಗ ತೂತಿನವರು ಗುಟುಕು ಗಾಳಿ ಕುಡಿದಿರುತ್ತಾರೆ ಎಂದು ನೆಮ್ಮದಿಯಾಗಿದ್ದೆ. ಕೆಳಗೆ ಲೇತುಗಳು ನಿಂತು ಎಲ್ಲವೂ ಮೌನವಾಗಿತ್ತು. ಆ ಮೌನದಲ್ಲಿ ಮೊದಲು ಕೇಳಿದ್ದು ಹಬೀಬರ ದನಿ: "ಆಪಾ, ಟೋಪಿ ಮ್ಯಾಲೆ ಮಳೆ ಬತ್ತೈತೆ." ಆಮೇಲೆ ಒಂದಿಷ್ಟು ಹೊತ್ತು ಬಿಟ್ಟು, ಬೆರಳು ನೆಕ್ಕಿ ನೋಡಿರಬೇಕು, ತುಂಬ ಸಮಾಧಾನವಾಗಿ: "ಉಪ್ಪೈತೆ."

ನಾನು ಹಜಾರಕ್ಕೆ ಓಡಿದಾಗ ಸಂಪಿನ ನೀರು ಬೀರುವಿನ ಬಾಗಿಲಿನಿಂದ ಅತಿಥಿಯ ಹಾಗೆ ಹೊರಟು, ಅತ್ತೆಯ ಚಾಪೆಯನ್ನು ದಾಟಿ, ವೈರು ಇಳಿಸಲು ನೆಲದಲ್ಲಿ ಮಾಡಿದ್ದ ಕಿಂಡಿಯನ್ನು ತಾನಾಗಿಯೇ ಹುಡುಕಿಕೊಂಡಿತ್ತು. ಮೇಲಿನ ತೊಟ್ಟಿಯಲ್ಲಿ ನೀರು ಅರ್ಧಕ್ಕಿಳಿದು, ಎರಡು ಮೀನುಗಳೂ ತಳದಲ್ಲಿ ಮನೆ ಖಾಲಿ ಮಾಡಲು ನೋಟಿಸು ಬಂದ ಬಾಡಿಗೆದಾರರಂತೆ ಒಂದನ್ನೊಂದು ನೋಡುತ್ತಿದ್ದವು. ನಾನು ಗೋಣಿಚೀಲ, ಟವಲು, ಅನಂತರಾಜು ಅವರ ಫ್ಯಾಕ್ಟರಿಯ ಯೂನಿಫಾರಂ, ಕೈಗೆ ಸಿಕ್ಕಿದ್ದನ್ನೆಲ್ಲ ಆ ಕಿಂಡಿಗೆ ತುರುಕಿದೆ. ಆ ಹೊತ್ತಿನಲ್ಲಿ ತಮ್ಮ ಬಗ್ಗೆ ನಾನು ಆಡಿದ ಮಾತುಗಳನ್ನು ಈ ಪತ್ರದ ಮೂಲಕ ಹಿಂಪಡೆಯುತ್ತೇನೆ, ಎರಡನ್ನು ಬಿಟ್ಟು.

ಕೆಳಗೆ ಲೇತಿನ ಮೇಲೆ ಬಿದ್ದದ್ದು ಒಂದು ತೊಟ್ಟಲ್ಲ. ಹಬೀಬರು ಒಣಬಟ್ಟೆಯಿಂದ ಅದನ್ನು ಒರೆಸಿ ಒರೆಸಿ ಎಣ್ಣೆ ಹಚ್ಚುತ್ತಿದ್ದರು. ನಾನು ಕರಾರಿನಂತೆ ಮೀನುಗಳಿಗೆ ಬೇರೆ ಮನೆ ನೋಡುತ್ತೇನೆಂದು ಹೇಳಲೇ ಇಳಿದಿದ್ದೆ. ಹೇಳಿದೆ ಕೂಡ. ಕರೀಮುನ್ನೀಸಾ ಆಪಾ ಬೈಯಲಿಲ್ಲ, ಬೈದಿದ್ದರೆ ಸುಲಭವಿತ್ತು. ನೀರು ಎಲ್ಲಿಂದ ಬಂತು ನೋಡೋಣ ಎಂದು ನನ್ನ ಹಿಂದೆಯೇ ಮೇಲೆ ಬಂದು, ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿ, ತಾವಿರುವ ಕಡೆ ಬೆರಳು ತೋರಿಸಿ, ಬಹಳ ಹೆಮ್ಮೆಯಿಂದ ಅಂದರು: "ಇಲ್ಲಿಂದಂತೂ ಅಲ್ಲ. ಇದು ಸೋರ್ತಿತ್ತು ಅಂತ ಹೋದ ವಾರ ನಾನೇ ಮುಚ್ಚಿವ್ನಿ. ನೀನು ಆಫೀಸಿಗೆ ಹೋಗಿದ್ದೆ, ನಿನ್ನ ಅತ್ತೆ ಬಾಗ್ಲು ತೆಗುದ್ರು."

ಮಾನ್ಯರೇ, ಆಗ ನಾನು ತಮ್ಮನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ತಾವಿದ್ದ ಜಾಗದಲ್ಲಿ ಗಿಳಿಹಸಿರು ಅರಗಿನ, ಗುಂಡು ತಲೆಯ, ಕನ್ನಡಿಯಂತೆ ಹೊಳೆಯುವ ಒಂದು ಮರದ ಬಿರಡೆ ಕುಳಿತಿತ್ತು. ಅಳತೆಪಟ್ಟಿಯಿಲ್ಲದೆ, ಬರೀ ಕಿರುಬೆರಳಿನ ಅಂದಾಜಿನಲ್ಲಿ ಕಡೆದದ್ದಂತೆ. ನೀರು ಕುಡಿದು ಉಬ್ಬಿ ತಮ್ಮನ್ನು ಸಂದಿಲ್ಲದಂತೆ ತುಂಬಿತ್ತು. ವಾರವಿಡೀ ನಾನು, ತಾವು ನೀರು ಚಿಮ್ಮುವುದು ನಿಂತದ್ದನ್ನೂ ಗಮನಿಸದೆ, ಆ ಹಸಿರನ್ನು ನೋಡಿ, ಪಾಚಿ ಕಟ್ಟುತ್ತಿದೆ, ತೊಟ್ಟಿ ಹೊಂದಿಕೊಳ್ಳುತ್ತಿದೆ ಎಂದು ಸಂತೋಷಪಟ್ಟಿದ್ದೆ.

ಕಚೇರಿಯಲ್ಲಿ ಇಂಥದ್ದಕ್ಕೆ ನಾನು ಒಂದೇ ಸಾಲು ಬರೆಯುತ್ತೇನೆ: ಹಾನಿಗೆ ಕಾರಣ, ಮೂರನೆಯವರ ಕೃತ್ಯ. ಆ ಸಾಲು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ತೊಟ್ಟಿ ಉಳಿಯುತ್ತಿತ್ತು. ಆದರೆ ಆ ಬಿರಡೆಗೆ ಯಾರೂ ಕೇಳದೆ ಇಷ್ಟು ಹೊಳಪು ಕೊಟ್ಟಿದ್ದರು, ಮೀನು ತೊಟ್ಟಿಗೆ ಒಪ್ಪಲೆಂದು ಬಣ್ಣವನ್ನೂ ಆರಿಸಿದ್ದರು. ಯಾರಿಗೂ ಹೇಳದೆ ಪೈಪಿಗೆ ತೂತು ಕೊರೆಸಿದವಳು ನಾನು. ಸೋರುವುದನ್ನು ಕಂಡು ಸುಮ್ಮನೆ ಹೋಗದವರು ಅವರು. ಇದರಲ್ಲಿ ಮೂರನೆಯವರು ಯಾರು? ತೊಟ್ಟಿ ಕೊಡುವ ಮೊದಲು ಆ ಬಿರಡೆಯನ್ನು ನೆನಪಿಗೆ ಇಟ್ಟುಕೊಳ್ಳುತ್ತೇನೆ, ತೆಗೆದುಕೊಡಿ ಎಂದಷ್ಟೇ ಕೇಳಿದೆ.

ಅವರು ಇಕ್ಕಳ ತರಿಸಿ, ಸೆರಗು ಸಿಕ್ಕಿಸಿ, ಎಳೆದರು. ಬಿರಡೆ ಟಪ್ಪೆಂದು ಬಂದದ್ದಕ್ಕೂ ಕರೆಂಟು ಬಂದದ್ದಕ್ಕೂ ಸರಿಹೋಯಿತು. ಪಂಪು ಓಡಿ ತೊಟ್ಟಿ ತುಂಬುತ್ತ ಬಂತು, ತಾವು ಹಳೆಯ ಹವ್ಯಾಸ ಶುರು ಮಾಡಿ ಅವರ ರವಿಕೆಯ ತೋಳನ್ನು ನೆನೆಸಿದಿರಿ, "ನೋಡಿದ್ಯಾ, ಸೋರ್ತೈತೆ" ಎಂದು ಅವರು ನನ್ನನ್ನು ನೋಡಿದರು. ಅಷ್ಟರಲ್ಲಿ ಕರೆಂಟು ಮತ್ತೆ ಹೋಯಿತು. ಆಗ ತಾವು, ನಾವಿಬ್ಬರೂ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡುತ್ತಿರುವಾಗ, ಬಿಸಿ ಕಾಫಿ ಹೀರುವ ಮಾವನವರಂತೆ ಸುರ್ರೆಂದು ಗಾಳಿ ಎಳೆದಿರಿ. ಪೈಪಿನೊಳಗಿನ ನೀರು ಗೊಟಗೊಟ ಎಂದು ಅಲ್ಲಿಗೇ ನಿಂತಿತು. ಸಂಪು ತುಂಬಲಿಲ್ಲ. ನೆಲಕ್ಕೆ ಒಂದು ಹನಿ ಬರಲಿಲ್ಲ.

ಕರೀಮುನ್ನೀಸಾ ಆಪಾ ಪೈಪಿನಲ್ಲಿರುವ ತಮ್ಮನ್ನು ನೋಡಿದರು, ಕೈಯಲ್ಲಿದ್ದ ಬಿರಡೆಯನ್ನು ನೋಡಿದರು, ಆಮೇಲೆ ನನ್ನ ಮುಖವನ್ನು ಓದಿಬಿಟ್ಟರು.

"ಯಾ ಅಲ್ಲಾ. ಇದು ಮೂಗಾ? ನಾನು ಮೂಗಿಗೇ ಬಿರಡೆ ಹೊಡ್ದುಬುಟ್ನಾ?"

ನಾನು ತಲೆಯಾಡಿಸಿದೆ. ಅವರು ಒದ್ದೆ ಚಾಪೆಯ ಮೇಲೆಯೇ ಕುಳಿತು ನಗಲು ಶುರು ಮಾಡಿದರು, ನಾನೂ ಕುಳಿತೆ, ಕೆಳಗಿನಿಂದ ಹಬೀಬರು ಏನಾಯಿತೆಂದು ಕೂಗಿ ಕೂಗಿ ಕೇಳಿದಷ್ಟೂ ನಮ್ಮಿಬ್ಬರ ನಗು ಹೆಚ್ಚಾಯಿತು. ಕಡೆಗೆ ಆಪಾ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು: "ಸಮುದ್ರ ಇರ್ಲಿ. ಆದ್ರೆ ಹಬೀಬನಿಗೆ ಹೇಳ್ಬ್ಯಾಡ, ಸಾಯೋಗಂಟ ಆಡ್ಕತಾನೆ." ಮಾರನೆಯ ದಿನ ಕೆಂಪು ಅರಗಿನ ಒಂದು ಬಳೆ ಕಡೆದು ತಂದು, ತಮ್ಮ ಸುತ್ತ ಚೌಕಟ್ಟಿನ ಹಾಗೆ ಕೂರಿಸಿ, ಇನ್ನು ಯಾರೂ ಮುಚ್ಚುವುದಿಲ್ಲ ಎಂದು ಹೋದರು. ಕಿಂಡಿಯನ್ನೂ ಈಗ ಸಿಮೆಂಟಿನಿಂದ ಮುಚ್ಚಿಸಿದ್ದೇವೆ, ಆ ಕಿಂಡಿಯ ಅಪ್ಪಣೆ ಪಡೆದೇ.

ಆದ್ದರಿಂದ ಗೈರುಹಾಜರಿಯ ದೂರನ್ನು ಹಿಂತೆಗೆದುಕೊಂಡು, ಕೆಲವು ಬಿನ್ನಹಗಳನ್ನಷ್ಟೇ ಮುಂದಿಡುತ್ತೇನೆ. ಮುಂದೆ ಯಾರಾದರೂ ಪ್ರೀತಿಯಿಂದ ತಮ್ಮನ್ನು ಮುಚ್ಚಲು ಬಂದರೆ ದಯವಿಟ್ಟು ಒಂದು ಸಲ ಕೆಮ್ಮಬೇಕು. ಕೆಮ್ಮಲಾಗದಿದ್ದರೆ ಸೀನಬಹುದು. ಅದೂ ಆಗದಿದ್ದರೆ ರಾತ್ರೋರಾತ್ರಿ ಪೈಪಿನ ಹಿಂಬದಿಗೆ ಹೋಗಿ ಕುಳಿತುಕೊಳ್ಳಬಹುದು. ತಮ್ಮಲ್ಲಿ ಸಾಮಾನು ಸರಂಜಾಮು ಏನೂ ಇಲ್ಲದಿರುವುದರಿಂದ ಮನೆ ಬದಲಿಸುವುದು ಕಷ್ಟವಾಗಲಾರದು. ತಾವು ಹಾಜರಿದ್ದೀರೋ ಇಲ್ಲವೋ ಎಂದು ನಾನು ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತೇನೆ. ಅಲ್ಲಿ ಏನೂ ಇಲ್ಲ ಎಂದು ಕಂಡಾಗ ಆಗುವ ಆನಂದವನ್ನು ಕಚೇರಿಯಲ್ಲಿ ಹೇಳಿಕೊಂಡರೆ ರಜೆ ತೆಗೆದುಕೊಳ್ಳಿ ಎನ್ನುತ್ತಾರೆ.

ಇಷ್ಟೆಲ್ಲ ಆದ ಮೇಲೂ, ಏನೂ ಅಲ್ಲದ ತಮ್ಮ ಮೇಲೆಯೇ ಎಲ್ಲವನ್ನೂ ಬಿಟ್ಟಿರುವ,

ತಮ್ಮ ವಿಶ್ವಾಸಿ
ಲತಾಮಣಿ

ಮರೆತ ಮಾತು: ಪತ್ರ ಮುಗಿಸಿ ತಮ್ಮ ಬಳಿಗೆ ಬಂದರೆ, ಅತ್ತೆಯವರು ಆ ಕೆಂಪು ಬಳೆಯನ್ನು ದೇವರ ಗೂಡೆಂದು ತಿಳಿದು, ಖಾಲಿ ಬಿಡಬಾರದೆಂದು ಅದರ ನಡುವೆ ದಪ್ಪನೆಯ ಕನಕಾಂಬರದ ಕುಚ್ಚೊಂದನ್ನು ಸಿಕ್ಕಿಸಿದ್ದಾರೆ. ತಾವು ಕೆಮ್ಮಿದ್ದು ನನಗೆ ಕೇಳಿಸಲಿಲ್ಲ.