ನಾನು ಕೇಳದ ಕೊನೆಯ ನುಡಿ

ನನ್ನ ತಮ್ಮ ಹಾಡುಗಾರ. ಮೊನ್ನೆ ಮೊನ್ನೆಯವರೆಗೆ ಅವನ ಒಂದು ಹಾಡನ್ನೂ ನಾನು ಕೊನೆಯ ತನಕ ಕೇಳಿರಲಿಲ್ಲ. ಇದನ್ನು ಸಣ್ಣ ಸಾಧನೆ ಅಂದುಕೊಳ್ಳಬೇಡಿ! ಅಣ್ಣಿಗೇರಿಯಲ್ಲಿ ಸಂಸಾರ ಮಾಡಿಕೊಂಡು ಅವನ ಹಾಡು ತಪ್ಪಿಸಿಕೊಳ್ಳುವುದೆಂದರೆ ಮಳೆಯಲ್ಲಿ ನಿಂತು ಒದ್ದೆಯಾಗದೆ ಇದ್ದಂತೆ. ಕಡಲೆ ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನಲ್ಲಿ ಅವನೇ, ಮದುವೆ ಮೆರವಣಿಗೆಯ ಡಿಜೆಯಲ್ಲಿ ಅವನೇ, ಹಿಟ್ಟಿನ ಗಿರಣಿಯವನ ಫೋನಿನಲ್ಲೂ ಅವನೇ. ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರ್ ಕಂಡರೆ ಸಾಕು, ನಾನು ಒಳಗೆ ಓಡಿ ಮಿಕ್ಸರ್ ಹಚ್ಚುತ್ತಿದ್ದೆ. ಮಿಕ್ಸರಿನೊಳಗೆ ಏನೂ ಇರುತ್ತಿರಲಿಲ್ಲ.

ಹೊಸ ಹಾಡು ಬಿಟ್ಟಾಗಲೆಲ್ಲ ಅವನು ಫೋನ್ ಮಾಡಿ ಹೇಳುವುದು ಒಂದೇ ಮಾತು: "ಯಕ್ಕಾ, ಕೊನಿ ನುಡಿ ತನಕ ಕೇಳ ಬೇ." ಕೇಳಿದೆನಪ್ಪಾ, ಭಾಳ ಚಲೋ ಐತಿ ಎಂದು ನಾನು ಫೋನ್ ಇಡುತ್ತಿದ್ದೆ.

ಮೊದಲ ಸಾಲು ಕೇಳಿದರೇ ಮುಂದಿನದು ಗೊತ್ತಾಗುವಂಥ ಹಾಡುಗಳು. ಎಲ್ಲವೂ ಮೋಸ ಮಾಡಿ ಹೋದ ಹುಡುಗಿಯ ಮೇಲೆ. ಅಲ್ಲ, ಮೋಸ ಮಾಡಬೇಕಾದರೂ ಒಬ್ಬಳು ಮೊದಲು ಇವನನ್ನು ತಿರುಗಿ ನೋಡಬೇಕಲ್ಲ? ನಾಲ್ಕನೆಯ ಇಯತ್ತೆಗೆ ನಾನು ಶಾಲೆ ಬಿಟ್ಟಿದ್ದೇ ಇವನನ್ನು ಎತ್ತಿಕೊಳ್ಳಲಿಕ್ಕೆ. ನನಗೆ ಗೊತ್ತಿಲ್ಲದೆ ಇವನನ್ನು ಯಾರು, ಯಾವಾಗ ಕೈಬಿಟ್ಟರು? ಮೇಲಾಗಿ ಹುಬ್ಬಳ್ಳಿಯ ಸ್ಟುಡಿಯೋದವರು ಅವನ ದನಿಯನ್ನು ಯಾವುದೋ ಯಂತ್ರಕ್ಕೆ ಹಾಕಿ ತೆಗೆಯುತ್ತಾರೆ. ಕೊಡದೊಳಗೆ ಕೂತು ಯಾರೋ ಕೂಗಿದಂತೆ ಕೇಳುತ್ತದೆ. ಮೊದಲ ಸಲ ಕೇಳಿದಾಗ ಅವ್ವ, ಪಾಪ, ಈ ಹುಡುಗನಿಗೆ ನೆಗಡಿ ಎಷ್ಟು ದಿನದಿಂದ ಐತಿ ಎಂದು ವಿಚಾರಿಸಿದ್ದಳು.

ಹಾಡಿದ್ದು ಸಾಲದೆಂದು ಕೂದಲಿಗೆ ಕೆಂಪು ಬಣ್ಣ ಹಚ್ಚಿಕೊಂಡು ನಟಿಸಲಿಕ್ಕೂ ಶುರು ಮಾಡಿದ. ಒಂದು ಹಾಡಿನ ಚಿತ್ರೀಕರಣ ನಮ್ಮ ಅಂಗಳದಲ್ಲೇ ಆಯಿತು. ಹುಡುಗಿಯ ಮದುವೆ ನೋಡಿ ನಾಯಕ ಅಳಬೇಕು. ನಮ್ಮ ನಾಯಕನಿಗೆ ಅಳುವೇ ಬರಲೊಲ್ಲದು. ಮುಂಜಾನೆಯಿಂದ ನನ್ನ ಜೊತೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿದಿದ್ದ. ಅದೇ ಕೈಯಿಂದ ಕಣ್ಣು ತಿಕ್ಕಿಕೊಂಡ. ಆಮೇಲೆ ಏನು ಅಳು! ಅಂಗಳದ ತುಂಬ ಹೊರಳಾಡಿದ, ಎಮ್ಮೆ ನೀರು ಕುಡಿಯುವ ಬಾನಿಯಲ್ಲಿ ತಲೆ ಅದ್ದಿದ. ಕ್ಯಾಮೆರಾದವನು ಒಂದನ್ನೂ ಬಿಡಲಿಲ್ಲ. ವಿಡಿಯೋದ ಕೆಳಗೆ ಜನ ಬರೆದಿದ್ದರಂತೆ: ಈ ಉರಿ ಅನುಭವಿಸಿದವರಿಗೇ ಗೊತ್ತು.

ಯಮನೂರಿನ ಕಡೆ ಒಂದು ನಾಟಕದಲ್ಲಿ ಖಳನಾಯಕನಾದ. ಇನ್ಸ್‌ಪೆಕ್ಟರನ ಗುಂಡು ತಾಗಿ ಸತ್ತ. ಜನ ಒಪ್ಪಲಿಲ್ಲ, ಒಂದು ಹಾಡು ಹಾಡಿ ಸಾಯಿ ಅಂದರು. ಎದ್ದ, ಹಾಡಿದ, ಸತ್ತ. ಒನ್ಸ್ ಮೋರ್ ಅಂದರು. ಮತ್ತೆ ಎದ್ದ. ಹೀಗೆ ಮೂರು ಸಲ ಸತ್ತು ನಾಲ್ಕನೆಯ ಸಲ ಏಳುವ ಹೊತ್ತಿಗೆ ಇನ್ಸ್‌ಪೆಕ್ಟರೇ ಬೇಸತ್ತು ಒಳಗೆ ಹೋಗಿಬಿಟ್ಟ. ನನ್ನ ಯಜಮಾನರು ಪಕ್ಕದಲ್ಲಿ ಕೂತು, "ನಿನ್ನ ತಮ್ಮನ್ನ ಮಂದಿ ಸಾಯಾಕೂ ಬಿಡೂದಿಲ್ಲ ನೋಡ" ಅಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ.

ನನ್ನ ಜೊತೆ ರೊಟ್ಟಿ ಬಡಿಯುವ ಹೆಂಗಸರು, ಆ ಕೆಂಪು ಕೂದಲಿನವ ನಿಮ್ಮ ತಮ್ಮ ಏನ್ರಿ ಎಂದು ಕೇಳಿದರೆ, ನಮ್ಮ ತವರೂರಿನವ ಅನ್ನುತ್ತಿದ್ದೆ. ಸುಳ್ಳಂತೂ ಅಲ್ಲವಲ್ಲ?

ಹೋದ ತಿಂಗಳು ಬಮ್ಮಿಗಟ್ಟಿಯವರು ನನ್ನ ಮಗಳನ್ನು ನೋಡಲು ಬಂದರು. ಸೋದರಮಾವ ಇಲ್ಲದೆ ನಮ್ಮಲ್ಲಿ ಕನ್ಯೆ ತೋರಿಸುವುದಿಲ್ಲ. ಹಾಗಾಗಿ ಕರೆದೆ; ಕರೆಯುವಾಗಲೇ ಹೇಳಿಬಿಟ್ಟೆ, ಕೂದಲಿನ ಮೇಲೆ ಟೋಪಿ ಇರಬೇಕು, ಹಾಡಿನ ಸುದ್ದಿ ಎತ್ತಬಾರದು, ಯಾರಾದರೂ ಕೇಳಿದರೆ ಒಕ್ಕಲುತನ ಅನ್ನಬೇಕು. ಅವನು, "ಆತ ಬಿಡ ಯಕ್ಕಾ, ಇದೂ ಒಂದ ಪಾತ್ರ" ಅಂದ.

ನಮ್ಮ ಮಾವನವರ ಬಿಳಿ ಟೋಪಿಯನ್ನು ಕಿವಿಯ ತನಕ ಎಳೆದುಕೊಂಡು, ಚಹಾದ ತಾಟು ಹಿಡಿದು, ತಗ್ಗಿದ ದನಿಯಲ್ಲಿ ತಗೋರಿ ತಗೋರಿ ಅನ್ನುತ್ತ ತಿರುಗಿದ. ಅಷ್ಟು ಚೆನ್ನಾಗಿ ಅವನು ಯಾವ ವಿಡಿಯೋದಲ್ಲೂ ನಟಿಸಿಲ್ಲ.

ಆಗ ಹುಡುಗನ ತಾಯಿಯ ಫೋನ್ ರಿಂಗಾಯಿತು. ಕೊಡದೊಳಗಿನ ಅದೇ ದನಿ! ಮಿಕ್ಸರ್ ದೂರ ಇತ್ತು.

ಸಾಲಿ ಬಿಟ್ಟಾಳ ನನ್ನ ಎತ್ತಾಕ,
ಪದಾ ಕಲಿಸ್ಯಾಳ ನನ್ನ ನಗಸಾಕ,
ಅಣ್ಣಿಗೇರಿ ಅಕ್ಕವ್ವ ನನ್ನ ಗುರುವಾ...

ಆ ತಾಯಿ ಫೋನ್ ಎತ್ತಲಿಲ್ಲ. ತಾನಾಗಿ ನಿಲ್ಲುವ ತನಕ ಕೇಳಿ ನನ್ನ ಕಡೆ ತಿರುಗಿದಳು. "ಪದಾ ಹಾಡೋರು ಕೊನಿ ನುಡಿಯೊಳಗ ಗುರುವಿನ ಹೆಸರ ಹೇಳ್ತಾರಲ್ರಿ, ಈ ಹುಡುಗ ಎಲ್ಲಾ ಹಾಡಿನಾಗೂ ಅಕ್ಕನ್ನ ನೆನಸ್ತಾನ. ನಿಮ್ಮ ಊರಾಕೀನ ಅಂತ. ನಿಮಗ ಗುರ್ತ ಅದಾಳೇನ್ರಿ?"

ಸಣ್ಣವರಿದ್ದಾಗ ಅವ್ವ ಹೊಲಕ್ಕೆ ಹೋದ ಮೇಲೆ ಇವನು ಅಳಬಾರದೆಂದು ಬಗಲಲ್ಲಿ ಎತ್ತಿಕೊಂಡು ಬಾಯಿಗೆ ಬಂದ ಪದ ಹಾಡುತ್ತಿದ್ದೆ. ಅದನ್ನು ನಾನೇ ಮರೆತಿದ್ದೆ. ತಮ್ಮ ನನ್ನ ಕಡೆ ನೋಡದೆ, ಖಾಲಿ ಕಪ್ಪುಗಳನ್ನು ಒಂದೊಂದಾಗಿ ತಾಟಿನಲ್ಲಿ ಇಡುತ್ತಿದ್ದ. ಪಾತ್ರ ಬಿಟ್ಟು ಹೊರಗೆ ಬರಲಿಲ್ಲ. ನಾನೇ ಎದ್ದು ಹೋಗಿ ಅವನ ಟೋಪಿ ತೆಗೆದೆ. ಕೆಂಪು ಕೂದಲು ಹುಂಜದ ಜುಟ್ಟಿನಂತೆ ಎದ್ದು ನಿಂತಿತು.

"ಆ ಅಕ್ಕ ನಾನರಿ," ಅಂದೆ. "ಇಂವ ನನ್ನ ತಮ್ಮ." ಮುಂದಿನದನ್ನು ಅವನಿಗೇ ಹೇಳಬೇಕಾಗಿತ್ತು, ಎಲ್ಲರ ಎದುರಿಗೇ ಹೇಳಿದೆ.

"ನಿನ್ನ ಒಂದ ಹಾಡೂ ಕೊನಿತನಕ ಕೇಳಿಲ್ಲೋ ತಮ್ಮಾ. ಕೇಳೀನಿ ಅಂತ ಸುಳ್ಳ ಹೇಳೀನಿ. ತಪ್ಪಾತು."