ಎರಡನೇ ಗೇರು ಅಮ್ಮನ ಇಲಾಖೆ

ಅಮ್ಮನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹೆಸರುಕಾಳಿನ ಗಾತ್ರದ ಗಟ್ಟಿ ಚರ್ಮವಿದೆ. ನೋಡಿದವರು ರೊಟ್ಟಿ ಬಡಿದು ಬಂದದ್ದು ಎಂದುಕೊಳ್ಳುತ್ತಾರೆ. ಅಲ್ಲ, ಅದು ಕಾರಿನ ಎರಡನೇ ಗೇರು ಹಿಡಿದು ಬಂದದ್ದು. ಅಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ.

ಕಾರು ಹಳೆಯ ಬಿಳಿ ಅಂಬಾಸಡರ್, ದಾವಣಗೆರೆಯಲ್ಲಿದ್ದ ನನ್ನ ತಾತನದು, ಅಂದರೆ ಅಮ್ಮನ ತಂದೆಯದು. ಅದರ ಗೇರಿನ ಹಿಡಿ ನೆಲದಿಂದ ಎದ್ದು ಬಂದಿಲ್ಲ. ಸ್ಟೀರಿಂಗಿನ ಎಡಪಕ್ಕದಲ್ಲಿ ಮರದ ಟೊಂಗೆಯ ಹಾಗೆ ಚಾಚಿಕೊಂಡಿದೆ. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಎರಡನೇ ಗೇರಿನಲ್ಲಿ ಏರು ಹತ್ತಿಸಿದರೆ ಹಿಡಿ ಟಕ್ಕೆಂದು ತಾನಾಗಿಯೇ ನ್ಯೂಟ್ರಲ್ಲಿಗೆ ಜಾರುತ್ತಿತ್ತು, ಎಂಜಿನ್ ಕಿರುಚುತ್ತಿತ್ತು, ಕಾರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೆ ಹೊರಡುತ್ತಿತ್ತು. ಇದಕ್ಕೆ ತಾತ ಕಂಡುಕೊಂಡ ಪರಿಹಾರ ಅವರ ಮಗಳು. ಕಾಲೇಜು ಓದುತ್ತಿದ್ದ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ‘ಹಿಡಿ’ ಎಂದರು. ಅವಳು ಹಿಡಿದಳು. ತಾತ ತೀರಿಕೊಂಡ ಮೇಲೆ ಕಾರು ನಮ್ಮ ಮನೆಗೆ ಬಂತು, ಅಪ್ಪ ಸ್ಟೀರಿಂಗಿನ ಹಿಂದೆ ಕೂತರು. ಡ್ರೈವರು ಬದಲಾದರೇ ಹೊರತು ಗೇರಿನವರು ಬದಲಾಗಲಿಲ್ಲ. ಅಪ್ಪ ಹಿಡಿಯನ್ನು ಎರಡಕ್ಕೆ ಎಳೆದು ಬಿಟ್ಟರೆಂದರೆ ಅಮ್ಮನ ಕೈ ಅಲ್ಲಿರುತ್ತಿತ್ತು. ಕಡಲೆಕಾಯಿ ತಿನ್ನುತ್ತಿರಲಿ, ಅಪ್ಪನ ಜೊತೆ ಜಗಳವಾಡಿ ಮುಖ ಕಿಟಕಿಯ ಕಡೆಗೆ ತಿರುಗಿಸಿಕೊಂಡಿರಲಿ, ಕೈ ಮಾತ್ರ ಡ್ಯೂಟಿ ತಪ್ಪುತ್ತಿರಲಿಲ್ಲ. ಮೂರಕ್ಕೆ ಹೋಗುವಾಗ ಅಪ್ಪ ‘ಹ್ಞೂಂ’ ಎನ್ನುತ್ತಿದ್ದರು, ಅಮ್ಮ ಬಿಡುತ್ತಿದ್ದಳು. ಅವರಿಬ್ಬರ ನಡುವೆ ಮಾತು ಬಿಟ್ಟುಹೋದ ವಾರಗಳಲ್ಲೂ ಈ ಒಂದು ಹ್ಞೂಂ ನಡೆಯುತ್ತಿತ್ತು.

ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮ ಜನ ಕೆಟ್ಟದ್ದನ್ನು ರಿಪೇರಿ ಮಾಡಿಸುವುದಿಲ್ಲ, ಅದರ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಟ್ಯಾಂಕು ತುಂಬಿದಾಗ ಮೋಟಾರು ತಾನಾಗಿ ನಿಲ್ಲಬೇಕು. ನಿಲ್ಲುವುದಿಲ್ಲ, ಅದಕ್ಕೆ ವಾಚ್‌ಮನ್ ತಲೆಯೆತ್ತಿ ಆಕಾಶ ನೋಡುತ್ತಾ ನಿಲ್ಲುತ್ತಾನೆ. ಆಫೀಸಿನ ಗಾಜಿನ ಬಾಗಿಲು ತಾನಾಗಿ ತೆರೆಯಬೇಕು. ತೆರೆಯುವುದಿಲ್ಲ, ಅದಕ್ಕೊಬ್ಬರು ಸೆಕ್ಯುರಿಟಿಯವರು ನಮಸ್ಕಾರ ಹೇಳುತ್ತಾ ತಳ್ಳುತ್ತಾರೆ. ಕೆಲವು ವರ್ಷ ಕಳೆದರೆ ಆ ಮನುಷ್ಯ ಯಂತ್ರದ ಒಂದು ಭಾಗವೇ ಆಗಿಬಿಡುತ್ತಾನೆ, ಯಂತ್ರ ಕೆಟ್ಟಿದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆಯುವ ಎಂಜಿನಿಯರ್. ಕೂದಲೆಳೆಯಷ್ಟು ತಪ್ಪಿದ್ದನ್ನು ವಾಪಸು ಕಳಿಸುವುದೇ ನನ್ನ ಕೆಲಸ. ಅಂಥವಳ ಮನೆಯಲ್ಲಿ ಹೆತ್ತ ತಾಯಿಯೇ ಒಂದು ಬಿಡಿಭಾಗವಾಗಿದ್ದಳು.

ಕಾರಿನ ನೋಂದಣಿ ಮತ್ತೆ ಮಾಡಿಸುವ ಹೊತ್ತು ಬಂತು. ತಪಾಸಣೆಯಲ್ಲಿ ಪಾಸಾದರೆ ಮಾತ್ರ ರಸ್ತೆಗೆ ಇಳಿಸಬಹುದು. ನೆಲದ ತಗಡು ತುಕ್ಕು ಹಿಡಿದು ಕಾಲ ಕೆಳಗೆ ರಸ್ತೆ ಕಾಣುತ್ತಿತ್ತು, ಎರಡನೇ ಗೇರಿನ ಕಥೆ ಹೇಳಿಯೇ ಆಗಿದೆ. ಅಪ್ಪ ಪೇಪರು ಮಡಿಸುತ್ತಾ, “ಗುಜರಿಗೆ ಹಾಕಿಬಿಡಾಣ. ಏನ್ ಮಾಡಾದು ಇಟ್ಕಂಡು?” ಎಂದರು. ಆ ಸಂಜೆ ನಾನು ಆಫೀಸಿನಿಂದ ಬಂದಾಗ ಅಮ್ಮ, ಕೆಳಗಿನ ಪಾರ್ಕಿಂಗಿನಲ್ಲಿ ನಿಂತಿದ್ದ ಕಾರಿನ ಮುಂದಿನ ಸೀಟಿನಲ್ಲಿ ತನ್ನ ಜಾಗದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. “ಇಲ್ಯಾಕಮ್ಮ?” ಎಂದೆ. “ಮ್ಯಾಲೆ ಸೆಕೆ,” ಎಂದಳು. ಹೊರಗೆ ಜನ ಸ್ವೆಟರು ಹಾಕಿಕೊಂಡು ಓಡಾಡುತ್ತಿದ್ದರು.

ಕಾರನ್ನು ನಾನೇ ಉಳಿಸುತ್ತೇನೆಂದು ಅವತ್ತು ತೀರ್ಮಾನಿಸಿದೆ. ಆದರೆ ಗೇರ್‌ಬಾಕ್ಸನ್ನೂ ಬಿಚ್ಚಿಸುತ್ತೇನೆ ಎಂದಾಗ ಮೊದಲು ವಿರೋಧಿಸಿದವಳು ಅಮ್ಮನೇ. “ಗೇರ್‌ಬಾಕ್ಸಿಗೆ ಏನಾಗೇತಿ? ನಾನ್ ಇದೀನಲ್ಲ,” ಎಂದಳು.

ಬೊಮ್ಮನಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ಶೇಖರಣ್ಣ ಎಂಬವರ ಗ್ಯಾರೇಜು. ಹಳೆಯ ಗಾಡಿಗಳ ವಿಷಯದಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂದು ಅವರೇ ಹೇಳಿಕೊಳ್ಳುವುದರಿಂದ ಬೇರೆಯವರು ಹೇಳುವ ಅಗತ್ಯ ಬೀಳುವುದಿಲ್ಲ. ಸಮಸ್ಯೆ ಏನೆಂದು ನಾನು ವಿವರಿಸಿದೆ. ಅವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ಇಣುಕಿ, “ಸಾರ್ ಬರ್ಲಿಲ್ವಾ ಮೇಡಂ?” ಎಂದರು. ಸಾರ್ ಬರುವುದಿಲ್ಲ, ಕೆಲಸ ನನ್ನದು ಎಂದೆ. “ಸೆಕೆಂಡ್ ಹಿಡ್ಕೊಳ್ಳೋದು ಈ ಗಾಡೀಲಿ ನಾರ್ಮಲ್ ಮೇಡಂ. ನಮ್ ಮಾವನ ಗಾಡೀಲಿ ರಬ್ಬರ್ ಬ್ಯಾಂಡ್ ಕಟ್ಟಿದ್ವಿ. ಗೇರ್‌ಬಾಕ್ಸ್ ಬಿಚ್ಚೋದು ಅಂದ್ರೆ ಹುತ್ತಕ್ಕೆ ಕೈ ಹಾಕ್ದಂಗೆ,” ಎಂದರು. ಬಿಚ್ಚಿ ಎಂದೆ. ಬಿಚ್ಚಿದರು. ಆದರೆ ಮುಂದಿನ ಎಲ್ಲ ವಿಷಯಗಳನ್ನೂ ಅಪ್ಪನಿಗೇ ಫೋನು ಮಾಡಿ ತಿಳಿಸಿದರು. ಗೇರ್‌ಬಾಕ್ಸ್ ಎಂದರೆ ಎಲ್ಲಿರುತ್ತದೆಂದು ಗೊತ್ತಿಲ್ಲದ ಅಪ್ಪ, ಬ್ಯಾಂಕಿನಲ್ಲಿದ್ದಾಗ ಸಾಲದ ಅರ್ಜಿ ಕೇಳುತ್ತಿದ್ದ ಗಾಂಭೀರ್ಯದಿಂದಲೇ ಕೇಳಿಸಿಕೊಂಡು, “ನೋಡ್ರಿ, ನಿಮಗೆ ಹೆಂಗ್ ತಿಳೀತತೋ ಹಂಗ್ ಮಾಡ್ರಿ,” ಎಂದು ಇಟ್ಟುಬಿಡುತ್ತಿದ್ದರು. ನಾನು ಪ್ರತಿ ಶನಿವಾರ ಹೋಗಿ, ಶೇಖರಣ್ಣ ತಮಗೆ ತಿಳಿದ ಹಾಗೆ ಮಾಡಿದ್ದನ್ನು ಬಿಚ್ಚಿಸುತ್ತಿದ್ದೆ.

ಪೆಟ್ಟಿಗೆ ತೆರೆದಾಗ ಎಣ್ಣೆಯಲ್ಲಿ ಹಿತ್ತಾಳೆಯ ಪುಡಿ ಕುಂಕುಮದಷ್ಟು ನುಣ್ಣಗೆ ಮಿನುಗುತ್ತಿತ್ತು. ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆಸಿ, ಹಳೆಯ ಪೇಪರಿನ ಮೇಲೆ ಹರಡಿಸಿ, ನನ್ನ ವರ್ನಿಯರ್ ಕ್ಯಾಲಿಪರ್ ತೆಗೆದು ಅಳೆದೆ. ಗೇರು ತನ್ನ ಜಾಗದಲ್ಲಿ ಕೂತಿರುವಂತೆ ಒತ್ತಿ ಹಿಡಿಯಬೇಕಾದ, ಕಡಲೆಬೀಜಕ್ಕಿಂತ ಚಿಕ್ಕದಾದ ಸ್ಪ್ರಿಂಗೊಂದು ಯಾವುದೋ ಕಾಲದಲ್ಲಿ ಮುರಿದಿತ್ತು. ರೋಗದ ಮೂಲ ಅಷ್ಟೇ. ಆದರೆ ಸ್ಪ್ರಿಂಗ್ ಮಾಡಬೇಕಾದ ಕೆಲಸವನ್ನು ಮನುಷ್ಯರ ಕೈ ಮಾಡಿದ್ದರಿಂದ, ಗೇರನ್ನು ಸರಿಸುವ ಕವೆಯಂಥ ಫೋರ್ಕು ಸದಾ ಒತ್ತಡಕ್ಕೆ ಸಿಕ್ಕಿ, ಒಂದು ಮಗ್ಗುಲು ಸವೆದು ಎಲೆಯ ಹಾಗಾಗಿತ್ತು. ಅದು ಸವೆದಷ್ಟೂ ಗೇರು ಹೆಚ್ಚು ಜಾರುವುದು, ಜಾರಿದಷ್ಟೂ ಗಟ್ಟಿಯಾಗಿ ಹಿಡಿಯುವುದು. ಎರಡು ತಲೆಮಾರಿನ ವಿದ್ಯಾವಂತರು ಮದ್ದೆಂದು ಕೊಟ್ಟದ್ದೇ ವಿಷವಾಗಿತ್ತು. ನಾನು ಕೋಪದಲ್ಲಿ ಆ ಫೋರ್ಕನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟೆ. “ಇದನ್ನ ಸವೆಸಿದ್ದು ನಿನ್ನ ಕೈ,” ಎಂದೆ. ಅಮ್ಮ ಅದನ್ನು ಸೆರಗಿನಿಂದ ಒರೆಸಿ ತಿರುಗಿಸಿ ನೋಡಿದಳು. “ಅಪ್ಪಾಜಿ ಹಿಡಿ ಅಂದ್ರು, ಹಿಡದೆ,” ಎಂದು ಉಪ್ಪಿನಕಾಯಿಯ ಪಕ್ಕಕ್ಕೆ ಸರಿಸಿದಳು.

ಬದಲಿ ಫೋರ್ಕಿಗಾಗಿ ಅತ್ತಿಬೆಲೆಯ ಆಚೆ ಹಳೆಯ ಟ್ಯಾಕ್ಸಿಗಳನ್ನು ಒಡೆಯುವ ಗುಜರಿಗೆ ಹೋದೆ. ರಾಶಿಯಲ್ಲಿದ್ದ ಒಂದೊಂದನ್ನೂ ಎತ್ತಿ ಅಳೆಯುತ್ತಿದ್ದಾಗ ಅಂಗಡಿಯವರು, “ಅಕ್ಕಾ, ಇದೇನ್ ಚಿನ್ನದಂಗಡಿ ಅಂದ್ಕೊಂಡ್ರಾ? ಸರ ತೋರಿಸ್ಲಾ?” ಎಂದರು. ನನಗೆ ಅಪರಿಚಿತರ ಜೊತೆ ಮಾತು ಬರುವುದಿಲ್ಲ, ತಮಾಷೆಗೆ ತಮಾಷೆ ಹೊಳೆಯುವುದು ಮನೆಗೆ ಬಂದ ಮೇಲೆ. ಸುಮ್ಮನೆ ಅಳೆದು, ಸರಿಯಾದದ್ದನ್ನು ಆರಿಸಿಕೊಂಡು ಬಂದೆ. ಹೊಸ ಸ್ಪ್ರಿಂಗು, ಹೊಸ ಬೇರಿಂಗು, ಗೇರುಗಳ ನಡುವೆ ಹೊಸ ಹಿತ್ತಾಳೆ ಬಳೆಗಳು ಕೂತವು. ನೆಲಕ್ಕೆ ತಗಡು, ಸೀಟಿಗೆ ರೆಕ್ಸಿನ್, ಮೈಗೆ ಬಿಳಿ ಬಣ್ಣ. ಗ್ಯಾರೇಜಿನಿಂದ ಮನೆಗೆ ನಾನೇ ಓಡಿಸಿಕೊಂಡು ಬಂದೆ. ಎರಡನೇ ಗೇರಿನಲ್ಲಿ ಹಿಡಿ ಕಲ್ಲಿನ ಹಾಗೆ ನಿಂತಿತ್ತು. ಆದರೆ ಸಿಗ್ನಲ್ಲಿಗೊಬ್ಬರು ಕಿಟಕಿಯ ಗಾಜು ತಟ್ಟಿದರು. ಒಬ್ಬರು ಮಾರ್ತೀರಾ ಎಂದರು, ಇನ್ನೊಬ್ಬರು ಮದುವೆಗೆ ಬಾಡಿಗೆ ಕೊಡ್ತೀರಾ ಎಂದರು, ಮತ್ತೊಬ್ಬರು ತಮ್ಮ ದೊಡ್ಡಪ್ಪನ ಬಳಿಯೂ ಇದೇ ಇತ್ತೆಂದು ಹೇಳತೊಡಗಿ ಹಸಿರು ದೀಪ ಬಂದರೂ ದೊಡ್ಡಪ್ಪನನ್ನು ಬಿಡಲಿಲ್ಲ. ಸಹೋದ್ಯೋಗಿಗಳಿಗೆ ನನ್ನ ಹುಟ್ಟಿದ ದಿನವನ್ನೂ ಹೇಳದವಳು ನಾನು. ಹೊಸೂರು ರಸ್ತೆಯ ಉದ್ದಕ್ಕೂ ತೇರಿನ ಮೇಲೆ ಕೂತಂತಾಯಿತು.

ತಪಾಸಣೆಯ ದಿನ ಮೂವರೂ ಹೋದೆವು. ಇನ್‌ಸ್ಪೆಕ್ಟರು ನನ್ನ ವಯಸ್ಸಿನವರು. “ಇದ್ರಲ್ಲಿ ಗೇರ್ ಎಲ್ಲಿದೆ ಸಾರ್?” ಎಂದು ಅಪ್ಪನನ್ನು ಕೇಳಿದರು. ಅಪ್ಪ ಉತ್ಸಾಹದಿಂದ ಪಾಠ ಮಾಡಿದರು. “ಸರಿ, ನಾನೇ ಒಂದು ರೌಂಡ್ ಹೊಡೀತೀನಿ, ನೀವು ಇಳೀರಿ,” ಎಂದರು ಇನ್‌ಸ್ಪೆಕ್ಟರು. ಅಪ್ಪ ಇಳಿದರು, ನಾನು ಇಳಿದೆ, ಅಮ್ಮ ಇಳಿಯಲಿಲ್ಲ. ಸ್ಟೀರಿಂಗು ಇಳಿಯುತ್ತದೆಯೇ? ಹಾಗೆಯೇ ಅವಳು. ಹಿರಿಯರನ್ನು ಇಳಿಸಲು ಆ ಹುಡುಗನಿಗೂ ಸಂಕೋಚ, “ಇರ್ಲಿ ಬಿಡಿ ಅಮ್ಮ,” ಎಂದು ಹೊರಟರು. ಮೊದಲನೆಯದು ಸರಿಯಾಗಿ ಬಿತ್ತು. ಎರಡನೆಯದೂ ಬಿತ್ತು. ಆಮೇಲೆ ಕಾರು ಅದೇ ಗೇರಿನಲ್ಲಿ ಅರಚುತ್ತಾ, ಮೈದಾನವನ್ನು ಪೂರ್ತಿ ಸುತ್ತಿ, ನಮ್ಮ ಮುಂದೆ ಬಂದು ಕುಕ್ಕರಿಸಿ ನಿಂತಿತು.

“ಮೇಡಂ, ಸೆಕೆಂಡಿಂದ ಆಚೆ ಬರ್ತಾನೇ ಇಲ್ಲ. ಗೇರ್‌ಬಾಕ್ಸ್ ಜಾಮ್ ಆಗಿದೆ,” ಎಂದರು ಇನ್‌ಸ್ಪೆಕ್ಟರು, ಬೆವರು ಒರೆಸಿಕೊಳ್ಳುತ್ತಾ.

“ಸಾಧ್ಯವೇ ಇಲ್ಲ ಸಾರ್, ಈಗ ತಾನೇ ಪೂರ್ತಿ ಮಾಡ್ಸಿರೋದು,” ಎಂದು ನಾನು ಬಗ್ಗಿ ನೋಡಿದೆ. ಅಮ್ಮನ ಬಲಗೈ ಹಿಡಿಯ ಮೇಲಿತ್ತು. ಇನ್‌ಸ್ಪೆಕ್ಟರೂ ಆಗ ನೋಡಿದರು.

“ಅಮ್ಮಾ, ನೀವ್ಯಾಕೆ ಹಿಡ್ಕೊಂಡಿದೀರಾ?”

“ನೀನು ಹ್ಞೂಂ ಅನ್ನಲಿಲ್ಲಲ್ಲಪ್ಪ.”

“ಹ್ಞೂಂ ಅನ್ಬೇಕಾ?”

“ಮತ್ತೆ? ಅನ್ನದಿದ್ರೆ ನಂಗೆ ಹೆಂಗ್ ತಿಳೀಬಕು? ಕೈ ಬಿಟ್ರೆ ಗೇರು ಬೀಳ್ತತಿ.”

“ಬೀಳುತ್ತಾ?” ಇನ್‌ಸ್ಪೆಕ್ಟರು ಪೆನ್ನು ಹಿಡಿದು ನನ್ನ ಕಡೆಗೆ ತಿರುಗಿದರು.

“ಅದು ಮೊದ್ಲು ಸಾರ್! ಮೊದ್ಲು ಬೀಳ್ತಿತ್ತು!” ಎಂದು ಅಪ್ಪ ಇದ್ದ ಗುಟ್ಟನ್ನೂ ಬಿಟ್ಟುಕೊಟ್ಟರು.

ಅಷ್ಟು ದಿನಗಳ ಶನಿವಾರಗಳೆಲ್ಲ ನನ್ನ ನೆತ್ತಿಗೇರಿದವು. “ಅಮ್ಮ, ಕೆಳಗಿಳಿ. ನಿನ್ನ ಕೈ ಇನ್ನು ಬೇಕಾಗಿಲ್ಲ,” ಎಂದೆ. ನಾನು ಸಾರ್ವಜನಿಕವಾಗಿ ದನಿ ಎತ್ತುವವಳಲ್ಲ. ಅವತ್ತು ಎತ್ತಿದೆ. ಸಾಲಿನಲ್ಲಿ ನಿಂತಿದ್ದ ಆಟೋದವರೆಲ್ಲ ತಿರುಗಿ ನೋಡಿದರು. ಅಮ್ಮ ಸೆರಗು ಸರಿಮಾಡಿಕೊಂಡು ಇಳಿದಳು. ಕಾರು ಅವಳಿಲ್ಲದೆ ಒಂದು ಸುತ್ತು ಹೋಯಿತು. ಒಂದು, ಎರಡು, ಮೂರು, ನಾಲ್ಕು, ಎಲ್ಲವೂ ಬೆಣ್ಣೆ. “ಸಕ್ಕತ್ತಾಗಿದೆ ಮೇಡಂ ಗಾಡಿ,” ಎಂದು ಇನ್‌ಸ್ಪೆಕ್ಟರು ಪಾಸು ಮಾಡಿದರು.

ಸಂತೋಷಪಡಬೇಕಾದ ಘಟನೆ. ಆದರೆ ವಾಪಸು ಬರುವಾಗ ಅಮ್ಮ ತಾನಾಗಿಯೇ ಹಿಂದಿನ ಬಾಗಿಲು ತೆಗೆದು ಕೂತಳು. ದಾರಿಯಲ್ಲಿ ಒಂದು ಏರು ಬಂತು. ಅಪ್ಪ ಎರಡಕ್ಕೆ ಹಾಕಿದರು, ಹತ್ತಿಸಿದರು, ಮೂರಕ್ಕೆ ಹೋಗುವಾಗ ‘ಹ್ಞೂಂ’ ಎಂದರು. ಕಾರಿನಲ್ಲಿ ಯಾರೂ ಏನನ್ನೂ ಬಿಡಲಿಲ್ಲ. ಅಪ್ಪ ಕೆಮ್ಮಿದರು. ಮನೆಗೆ ಬಂದ ಮೇಲೆ ಅಮ್ಮ ನಾಳೆಯ ವ್ಯವಸ್ಥೆ ಹೇಳಿದಳು. ಮರುದಿನ ಅತ್ತಿಬೆಲೆಯಲ್ಲಿ ನೆಂಟರ ಗೃಹಪ್ರವೇಶವಿತ್ತು. “ನೀವಿಬ್ರು ಕಾರಲ್ಲಿ ಬರ್ರಿ. ನಾನು ಪಕ್ಕದ್ಮನಿಯೋರ ಜತಿ ಬಸ್ಸಿಗೆ ಬರ್ತೀನಿ.”

“ಯಾಕಮ್ಮ? ಕಾರು ಉಳಿಸಿದ್ದೇ ನಿನಗೋಸ್ಕರ,” ಎಂದೆ.

“ಉಳಿಸಿದಿ, ಒಳ್ಳೇದಾತು. ಮುಂದೆ ಕುಂತು ನಾನೇನ್ ಮಾಡ್ಲಿ? ಸುಮ್ನೆ ಕುಂದ್ರಾಕೆ ಬಸ್ಸೂ ಆಗ್ತತಿ.”

ನನಗೆ ಎಷ್ಟು ಸಿಟ್ಟು ಬಂತೆಂದರೆ ಊಟದ ತಟ್ಟೆ ತೊಳೆಯುವಾಗ ಅದರ ಹೂವಿನ ಚಿತ್ರವೇ ಅಳಿಸಿಹೋಗಬೇಕಿತ್ತು. ಕೆಟ್ಟ ಗೇರು ಸರಿಯಾಯಿತೆಂದು ಯಾರಾದರೂ ಮುನಿಸಿಕೊಳ್ಳುತ್ತಾರೆಯೇ? ಹಾಗಾದರೆ ವಾಚ್‌ಮನ್‌ಗೋಸ್ಕರ ಟ್ಯಾಂಕು ತುಂಬಿ ಹರಿಯುತ್ತಲೇ ಇರಬೇಕೇ? ಕೈ ಒತ್ತಿದರೆ ಫೋರ್ಕು ಸವೆಯುತ್ತದೆ, ಇದು ಅಳೆದು ಕಂಡ ಸತ್ಯ. ಇದರಲ್ಲಿ ಭಾವನೆಗೆ ಎಲ್ಲಿ ಜಾಗ? ಈ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಬಹಳ ಕ್ರಮಬದ್ಧವಾಗಿ ಹಾಕಿಕೊಂಡೆ. ಎಲ್ಲಕ್ಕೂ ಉತ್ತರ ನನ್ನ ಪರವಾಗಿಯೇ ಬಂತು.

ಮರುದಿನ ಬೆಳಿಗ್ಗೆ ಹಾಲು ತರುತ್ತೇನೆಂದು ಹೇಳಿ ಒಂದು ಸ್ಪ್ಯಾನರು ತೆಗೆದುಕೊಂಡು ಪಾರ್ಕಿಂಗಿಗೆ ಇಳಿದೆ. ಗೇರಿನ ಹಿಡಿ ಸ್ಟೀರಿಂಗ್ ಕಂಬಕ್ಕೆ ಸೇರುವ ಜಾಗದಲ್ಲಿ, ಅದು ಅದುರದಿರಲೆಂದು ಹಾಕಿದ ಒಂದು ರಬ್ಬರ್ ವಾಷರಿದೆ. ಅದನ್ನು ತೆಗೆದು ನಟ್ಟನ್ನು ಮತ್ತೆ ಬಿಗಿದೆ. ಎರಡನೇ ಗೇರಿನಲ್ಲಿ ಪಾರ್ಕಿಂಗಿನ ಇಳಿಜಾರನ್ನು ಹತ್ತಿಸಿ ನೋಡಿದೆ. ಗೇರು ಜಾರಲಿಲ್ಲ. ಹಿಡಿ ಮಾತ್ರ ಚಳಿ ಹಿಡಿದವರ ಹಲ್ಲಿನ ಹಾಗೆ ಕಟಕಟ ಬಡಿದುಕೊಂಡಿತು. ಬೆರಳು ತಾಗಿಸಿದೆ, ನಿಂತಿತು. ಮೇಲೆ ಹೋಗಿ ಅಮ್ಮನಿಗೆ, “ಶೇಖರಣ್ಣ ಏನೋ ಸರಿಯಾಗಿ ಕೂರಿಸಿಲ್ಲ ಅನ್ಸುತ್ತೆ. ಸೆಕೆಂಡಲ್ಲಿ ಹಿಡಿ ತುಂಬ ಅದುರ್ತಿದೆ. ಒತ್ತಬೇಡ, ಒಬ್ಬರು ಸುಮ್ನೆ ಬೆರಳಿಟ್ಟಿದ್ರೆ ಸಾಕು,” ಎಂದೆ. ಒಬ್ಬ ಮನುಷ್ಯನ ಕೆಲಸದ ಮೇಲೆ ನಾನು ಹೊರಿಸಿದ ಮೊದಲ ಸುಳ್ಳು ಆರೋಪ ಅದು. ಅಮ್ಮ ತಲೆಗೂದಲಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದವಳು ತಿರುಗಿದಳು. “ನಾನ್ ಹೇಳಿದ್ನಿಲ್ಲ, ಆ ಗಾಡಿ ಅಷ್ಟು ಸುಲಭಕ್ಕೆ ಮಾತು ಕೇಳಂಗಿಲ್ಲ ಅಂತ? ಪಕ್ಕದ್ಮನಿಯೋರಿಗೆ ಬಸ್ಸಿಗೆ ಹೋಗ್ರಿ ಅಂತ ಹೇಳಿ ಬಾ ಹೋಗು,” ಎಂದಳು. ನಾನು ಹೇಳಿ ಬಂದೆ. ಆಮೇಲೆ ಹಿಂದಿನ ಸೀಟಿನಲ್ಲಿ ಕೂತು, ವಾಷರಿದ್ದ ಕೈಚೀಲದ ಜಿಪ್ಪನ್ನು ಕೊನೆಯವರೆಗೂ ಎಳೆದು ಮುಚ್ಚಿದೆ.